ಕಣ್ಣಿನ ನಂಬರ್ ಸರಿ ಐತಿ ಅಂತಾರ, ಬಣ್ಣ ಮಾತ್ರ ಗುರುತು ಸಿಗವಲ್ದು: ರೆಸಿನ್ ಕೆಲಸದವರ ಕಣ್ಣಿಗೆ ಏನಾಗ್ತದ?

ಪ್ರಶ್ನೆ | ತಾರಿಹಾಳ_ಶೆಡ್

ಎಲ್ಲಾರಿಗೂ ನಮಸ್ಕಾರ್ರೀ. ಹುಬ್ಬಳ್ಳಿ ತಾರಿಹಾಳ ಇಂಡಸ್ಟ್ರಿಯಲ್ ಏರಿಯಾದಾಗ ಎಫ್‌ಆರ್‌ಪಿ (ಗ್ಲಾಸಿನ ನಾರು, ರೆಸಿನ್ ಕೂಡಿಸಿ ಮಾಡೂ ಗಟ್ಟಿ ಪ್ಲಾಸ್ಟಿಕ್) ಶೆಡ್ ನೋಡ್ಕೊಳ್ಳಾಕತ್ತೀನಿ. ಟ್ಯಾಂಕು, ಮುಚ್ಚಳ, ಬಸ್ಸಿನ ಡ್ಯಾಶ್‌ಬೋರ್ಡ್ ಮಾಡ್ತೀವಿ. ಎಲ್ಲಾ ಕೈಕೆಲಸ: ಮ್ಯಾಟ್ ಹಾಸೂದು, ಬ್ರಶ್ಶಿಲೆ ರೆಸಿನ್ ಹಚ್ಚೂದು, ರೋಲರ್ ಹೊಡಿಯೂದು. ಜೆಲ್‌ಕೋಟ್ (ಮ್ಯಾಲ ಕಾಣೂ ಬಣ್ಣದ ರೆಸಿನ್ ಪದರ) ಮಾತ್ರ ಸ್ಪ್ರೇ. ದಿನಕ್ಕ ಸುಮಾರು 20 ಕಿಲೋ ಪಾಲಿಯೆಸ್ಟರ್ ರೆಸಿನ್ ಖರ್ಚಾಗ್ತದ. ಶೆಡ್ 12 ಮೀಟರ್ ಉದ್ದ, 10 ಅಗಲ, 5 ಎತ್ತರ. ಚಾವಣಿಗೆ ಎರಡು ಟರ್ಬೊ ವೆಂಟಿಲೇಟರ್, ಗ್ವಾಡಿ ಮ್ಯಾಲ ಎತ್ತರದಾಗ ಒಂದು ಎಕ್ಸಾಸ್ಟ್, ನಾಕು ಸೀಲಿಂಗ್ ಫ್ಯಾನ್. ಒಟ್ಟು 14 ಮಂದಿ.

ಹತ್ತು ವರ್ಷಕ್ಕಿಂತ ಹೆಚ್ಚು ಇದೇ ಕೆಲಸ ಮಾಡಿದ ಇಬ್ಬರಿಗೆ (ಒಬ್ಬರಿಗೆ 38, ಇನ್ನೊಬ್ಬರಿಗೆ 46) ಈಗ ಪಿಗ್ಮೆಂಟ್ ಕೂಡಿಸೂದು ಕಷ್ಟ ಆಗೇತಿ. ಕಡುನೀಲಿ ಮತ್ತ ಕರಿ ಒಂದ ಕಾಣಸ್ತದ, ತಿಳಿಹಳದಿ ಮತ್ತ ಬಿಳಿ ಒಂದ. ಸಂಜಿ ಹೊತ್ತು ಗಾಡಿ ಹೊಡಿಯೂವಾಗ ರಸ್ತಾ ಮಸುಕು ಅಂತಾರ. ಕಣ್ಣಿನ ಶಿಬಿರದಾಗ ಇಬ್ಬರಿಗೂ 6/6 ಬಂತು, ಚುಕ್ಕಿ ಚುಕ್ಕಿ ಅಂಕಿ ಓದೂ ಪುಸ್ತಕಾನೂ ಪಾಸ್. 46ರವರಿಗೆ ಓದೂ ಚಾಳೀಸು ಕೊಟ್ಟು ಕಳಿಸಿದ್ರು. ಮಾಲಕರು "ವಯಸ್ಸಾತು ಬಿಡ್ರಿ" ಅಂತಾರ.

ಇದು ರೆಸಿನ್ನಾಗಿಂದ ಏಳೂ ಸ್ಟೈರೀನ್ ಆವಿಯಿಂದ ಆಗಿರಬಹುದೇನ್ರಿ? ಯಾವ ಪರೀಕ್ಷೆ ಮಾಡಸಬೇಕು? ಎಲ್ಲಾರಿಗೂ ಗಾಗಲ್ಸ್ ತರಿಸಿದ್ರ ಸಾಕಾ?

ಉತ್ತರ | ದೃಷ್ಟಿ_ಧಾರವಾಡ (ಆಪ್ಟೊಮೆಟ್ರಿ)

ಸರ, 6/6 ಅಂದರೆ ಬಿಳಿ ಹಲಗೆಯ ಮೇಲಿನ ಕಡುಗಪ್ಪು ಅಕ್ಷರವನ್ನು ಆರು ಮೀಟರ್ ದೂರದಿಂದ ಓದುವ ಶಕ್ತಿ, ಅಷ್ಟೇ. ಸ್ಟೈರೀನ್, ಟಾಲ್ವಿನ್‌ನಂಥ ದ್ರಾವಕಗಳ ಪೆಟ್ಟು ಮೊದಲು ಬೀಳುವುದು ಅಲ್ಲಿಗಲ್ಲ. ಮೊದಲು ಹೋಗುವುದು ನೀಲಿ–ಹಳದಿ ಭೇದ, ಜೊತೆಗೆ ಕಡಿಮೆ ಬೆಳಕಿನಲ್ಲಿ ಬೂದು ಮತ್ತು ಕಡುಬೂದುಗಳ ನಡುವಿನ ಅಂತರ. ನೀಲಿ ಗ್ರಹಿಸುವ ಕೋನ್ ಕೋಶಗಳು ಒಟ್ಟು ಕೋನ್‌ಗಳಲ್ಲಿ ನೂರಕ್ಕೆ ಹತ್ತಕ್ಕಿಂತ ಕಡಿಮೆ. ಹಾಗಾಗಿ ಸಣ್ಣ ಕೊರತೆಯೂ ಅಲ್ಲಿ ಬೇಗ ಎದ್ದು ಕಾಣುತ್ತದೆ. ನೀವು ಬರೆದ ಲಕ್ಷಣಗಳು ಈ ಮಾದರಿಗೆ ಚೆನ್ನಾಗಿ ಹೊಂದುತ್ತವೆ.

ಚುಕ್ಕಿ ಪುಸ್ತಕದಲ್ಲಿ (ಇಶಿಹಾರ) ಪಾಸಾದದ್ದಕ್ಕೆ ಇಲ್ಲಿ ಬೆಲೆಯಿಲ್ಲ. ಅದು ಹುಟ್ಟಿನಿಂದ ಬರುವ ಕೆಂಪು–ಹಸಿರು ದೋಷ ಹಿಡಿಯಲು ಮಾಡಿದ್ದು. ನೀಲಿ–ಹಳದಿ ಅದರಲ್ಲಿ ಇಲ್ಲವೇ ಇಲ್ಲ. ನಿಮಗೆ ಬೇಕಾದದ್ದು ಲ್ಯಾಂಥನಿ ಡಿ-15, ಅಂದರೆ ಬಣ್ಣ ತೆಳುಮಾಡಿದ 15 ಗುಂಡಿಗಳನ್ನು ಒಂದು ಸ್ಥಿರ ಗುಂಡಿಯಿಂದ ಶುರುಮಾಡಿ ಸಾಲಾಗಿ ಜೋಡಿಸುವ ಪರೀಕ್ಷೆ. ಗಾಢ ಬಣ್ಣದ ಸಾಮಾನ್ಯ ಡಿ-15ರಲ್ಲಿ ಆರಂಭದ ಕೊರತೆ ತಪ್ಪಿಸಿಕೊಳ್ಳುತ್ತದೆ. ಎಲ್ಲ ಕಣ್ಣಿನ ಅಂಗಡಿಗಳಲ್ಲೂ ಇದು ಸಿಗುವುದಿಲ್ಲ. ಕಿಮ್ಸ್‌ನಂಥ ಬೋಧನಾ ಆಸ್ಪತ್ರೆಯ ಕಣ್ಣಿನ ವಿಭಾಗದಲ್ಲೋ ದೊಡ್ಡ ಕಣ್ಣಿನ ಆಸ್ಪತ್ರೆಯಲ್ಲೋ ಮೊದಲೇ ಫೋನ್ ಮಾಡಿ, ಹೆಸರು ಹೇಳಿ ಕೇಳಿ. "ಕಲರ್ ಟೆಸ್ಟ್ ಇದೆಯಾ" ಎಂದರೆ ಮತ್ತೆ ಚುಕ್ಕಿ ಪುಸ್ತಕವೇ ಎದುರಿಗೆ ಬರುತ್ತದೆ.

ಪರೀಕ್ಷೆ ಕೆಡುವುದು ಹೆಚ್ಚಾಗಿ ಮೂರು ಕಾರಣಕ್ಕೆ. ಎರಡೂ ಕಣ್ಣು ತೆರೆದು ಮಾಡಿಸುತ್ತಾರೆ. ಹುಟ್ಟಿನ ದೋಷ ಎರಡೂ ಕಣ್ಣಿಗೆ ಸಮನಾಗಿರುತ್ತದೆ, ಆಮೇಲೆ ಬಂದದ್ದು ಒಂದರಲ್ಲಿ ಹೆಚ್ಚು ಇನ್ನೊಂದರಲ್ಲಿ ಕಡಿಮೆ ಇರಬಹುದು. ಒಂದು ಕಣ್ಣು ಮುಚ್ಚಿಯೇ ಮಾಡಿಸಬೇಕು. ಎರಡನೆಯದು ಬೆಳಕು. ಹಳದಿ ಬಲ್ಬಿನ ಕೆಳಗೆ ನೀಲಿ ಗುಂಡಿಗಳೆಲ್ಲ ಒಂದೇ ಆಗುತ್ತವೆ, ಹಗಲಿನಂಥ 6500 ಕೆಲ್ವಿನ್ ದೀಪ ಬೇಕು. ಮೂರನೆಯದು ಚಾಳೀಸು ಹಾಕದೆ ಕೂರಿಸುವುದು. 46ರವರು ತಮ್ಮ ಓದುವ ಕನ್ನಡಕ ತರಲೇಬೇಕು, ಆದರೆ ಬಣ್ಣದ ಗಾಜು ಇರಬಾರದು.

ದಿನವೂ ಮುಖ್ಯ. ಶಿಫ್ಟ್ ಮುಗಿಸಿ ನೇರ ಬಂದವರಲ್ಲಿ ಆ ದಿನದ ನಶೆಯೂ ಸೇರಿ ಫಲಿತಾಂಶ ಕೆಡುತ್ತದೆ. ವಾರದ ರಜೆ ಮುಗಿಸಿ ಸೋಮವಾರ ಬೆಳಿಗ್ಗೆ, ಶೆಡ್ಡಿಗೆ ಕಾಲಿಡುವ ಮೊದಲು ಮಾಡಿಸಿ. ಆಗಲೂ ನೀಲಿ–ಹಳದಿ ಸಾಲು ತಪ್ಪಿದರೆ ಅದನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು.

ಇನ್ನು ನಿಮ್ಮ ಮಾಲಕರ ಮಾತು. ಅದು ಪೂರ್ತಿ ಸುಳ್ಳೂ ಅಲ್ಲ. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಗಟ್ಟಿ ನೀಲಿ ಮಂಕಾಗುತ್ತದೆ, ಆರಂಭದ ಪೊರೆಯೂ ಹಾಗೇ ಮಾಡುತ್ತದೆ. ಆದರೆ 38ಕ್ಕೆ ಆ ಕಾರಣ ಹೇಳಿ ಕೈತೊಳೆದುಕೊಳ್ಳಲು ಬರುವುದಿಲ್ಲ. ಸಕ್ಕರೆ ಕಾಯಿಲೆ, ಗ್ಲಾಕೋಮಾ, ಬಿ12 ಕೊರತೆ, ದೀರ್ಘಕಾಲದ ಸಾರಾಯಿ–ತಂಬಾಕು, ಕ್ಷಯಕ್ಕೆ ಕೊಡುವ ಎಥಾಂಬ್ಯುಟಾಲ್, ಸಂಧಿವಾತಕ್ಕೆ ಕೊಡುವ ಹೈಡ್ರಾಕ್ಸಿಕ್ಲೋರೋಕ್ವಿನ್, ಇವೆಲ್ಲ ಬಣ್ಣದೃಷ್ಟಿ ಕೆಡಿಸುತ್ತವೆ. ಗುಟ್ಕಾ ಹಾಕುವವರು ಅದನ್ನು ವೈದ್ಯರ ಮುಂದೆ ಮುಚ್ಚಿಡದಿರಲಿ, ಬಿ12 ಕೊರತೆಯ ಜೊತೆ ತಂಬಾಕು ಸೇರಿದರೆ ದೃಷ್ಟಿನರಕ್ಕೆ ಎರಡು ಕಡೆಯಿಂದ ಹೊಡೆತ. ಆದ್ದರಿಂದ ಮಸೂರ ಮತ್ತು ಅಕ್ಷಿಪಟಲದ ತಪಾಸಣೆ, ಕಣ್ಣಿನ ಒತ್ತಡ, ನಡುಭಾಗದ ದೃಷ್ಟಿಕ್ಷೇತ್ರ (10-2), ಒಸಿಟಿ ಸ್ಕ್ಯಾನ್ (ಅಕ್ಷಿಪಟಲದ ಪದರಗಳ ಚಿತ್ರ), ರಕ್ತದಲ್ಲಿ ಸಕ್ಕರೆ ಮತ್ತು ಬಿ12, ಇಷ್ಟನ್ನೂ ಒಂದೇ ಸುತ್ತಿನಲ್ಲಿ ಮುಗಿಸಿ. ಸಂಜೆಯ ಮಸುಕಿಗೆ ಪೆಲ್ಲಿ–ರಾಬ್ಸನ್ ಹಲಗೆ ಇದ್ದರೆ ಒಳ್ಳೆಯದು. ಅಕ್ಷರದ ಗಾತ್ರ ಒಂದೇ, ಕಪ್ಪು ಮಾತ್ರ ತೆಳುವಾಗುತ್ತ ಹೋಗುತ್ತದೆ.

ಈ ಇಬ್ಬರದನ್ನು ಮಾತ್ರ ನೋಡಿ ಕಾರಣ ತೀರ್ಮಾನಿಸಬೇಡಿ. ಹದಿನಾಲ್ಕೂ ಜನರದ್ದು ಮಾಡಿಸಿ, ಜೊತೆಗೆ ರೆಸಿನ್ ಮುಟ್ಟದ ಆಫೀಸಿನವರು, ಡ್ರೈವರ್ ಇವರಲ್ಲಿ ಅದೇ ವಯಸ್ಸಿನವರದ್ದೂ. ಜೆಲ್‌ಕೋಟ್ ಹೊಡೆಯುವವರಲ್ಲಿ ತಪ್ಪು ಹೆಚ್ಚಿದ್ದು ಆಫೀಸಿನವರಲ್ಲಿ ಇಲ್ಲದಿದ್ದರೆ ಉತ್ತರ ಅಲ್ಲೇ ಇದೆ.

ವಾಸಿಯಾಗುತ್ತದೆಯೇ ಎಂದು ಕೇಳುತ್ತೀರಿ. ಸ್ಟೈರೀನ್ ಕೆಲಸಗಾರರ ಅಧ್ಯಯನಗಳು ಒಂದೇ ಮಾತು ಹೇಳುವುದಿಲ್ಲ. ಕೆಲವರಲ್ಲಿ ಆವಿಯಿಂದ ದೂರವಾದ ಮೇಲೆ ಸುಧಾರಿಸಿದೆ, ಕೆಲವರಲ್ಲಿ ತಿಂಗಳ ರಜೆಯ ನಂತರವೂ ಇದ್ದಲ್ಲೇ ಇದೆ. ಇದಕ್ಕೆ ಹನಿ ಔಷಧಿ ಇಲ್ಲ. ದಿಢೀರನೆ ಒಂದು ಕಣ್ಣು ಮಂಕಾದರೆ, ನಡುವೆ ಕಪ್ಪು ಮಚ್ಚೆ ಬಂದರೆ, ಕಣ್ಣು ಹೊರಳಿಸಿದಾಗ ನೋವಾದರೆ ಅದು ಬೇರೆ ಕಾಯಿಲೆ. ಅದೇ ದಿನ ತೋರಿಸಬೇಕು.

ಉತ್ತರ | ಗಾಳಿ_ಲೆಕ್ಕ (ಕೈಗಾರಿಕಾ ಸುರಕ್ಷತೆ, ಹುಬ್ಬಳ್ಳಿ)

ಗಾಗಲ್ಸ್ ಬಗ್ಗೆ ಮೊದಲ ಹೇಳ್ತೀನಿ, ಯಾಕಂದ್ರ ರೊಕ್ಕ ಅಲ್ಲೇ ತಪ್ಪು ಕಡಿ ಹೋಗ್ತದ. ಸ್ಟೈರೀನ್ ಕಣ್ಣಿನ ಮುಂದಿನ ಬಾಗಲಿಂದ ಒಳಗ ಹೋಗಿ ಬಣ್ಣ ಕೆಡಸಂಗಿಲ್ಲ. ಮೂಗಿನಾಗ ಹೋಗಿ, ಪುಪ್ಪುಸದಿಂದ ರಕ್ತಕ್ಕ ಬಂದು, ಅಲ್ಲಿಂದ ಅಕ್ಷಿಪಟಲ, ನರ ಮುಟ್ಟತದ. ಗಾಗಲ್ಸ್ ಸಿಡಿತಕ್ಕ, ಉರಿಗೆ ಬೇಕು. ಬಣ್ಣದೃಷ್ಟಿ ಉಳಿಸೂದು ಗಾಳಿ ಮತ್ತ ಮಾಸ್ಕ್.

ನಿಮ್ಮ ಶೆಡ್ಡಿಂದ ಲೆಕ್ಕ ಹಾಕೂಣು. ಪಾಲಿಯೆಸ್ಟರ್ ರೆಸಿನ್‌ದಾಗ ತೂಕದ ಶೇ 35ರಿಂದ 45 ಸ್ಟೈರೀನ್ ಇರ್ತದ. 20 ಕಿಲೋದಾಗ 8 ಕಿಲೋ ಅಂತ ಹಿಡೀರಿ. ಕೈಲೆ ಹಚ್ಚೂ ಕೆಲಸದಾಗ ಅದರ ಶೇ 5ರಿಂದ 10 ಗಾಳಿಗೆ ಹೋಗ್ತದ. ಕಡಿಮಿ ಅಂದ್ರೂ 400 ಗ್ರಾಂ. 2025ರ ನವೆಂಬರ್ ತನಕ ಇದ್ದ 1948ರ ಕಾರ್ಖಾನೆ ಕಾಯ್ದೆಯ ಎರಡನೇ ಅನುಸೂಚಿಯೊಳಗ ಸ್ಟೈರೀನಿಗೆ 8 ತಾಸಿನ ಸರಾಸರಿ ಮಿತಿ 50 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗಕ್ಕ 50 ಭಾಗ), ಅಂದ್ರ ಘನ ಮೀಟರಿಗೆ 215 ಮಿಲಿಗ್ರಾಂ ಇತ್ತು. 400 ಗ್ರಾಮನ್ನ ಆ ಮಟ್ಟಕ್ಕ ತೆಳು ಮಾಡಾಕ ಸುಮಾರು 1,860 ಘನ ಮೀಟರ್ ಚೊಕ್ಕ ಗಾಳಿ ಬೇಕು. ನಿಮ್ಮ ಶೆಡ್ 600 ಘನ ಮೀಟರ್. ಕೆಲಸ ನಡದಾಗ ಇಡೀ ಶೆಡ್ಡಿನ ಗಾಳಿ ಮೂರು ಸಲಕ್ಕಿಂತ ತುಸು ಹೆಚ್ಚು ಬದಲಾದ್ರ ಅಷ್ಟ ಆತು, ಅದೂ ಆವಿ ಎಲ್ಲಾ ಕಡಿ ಸಮಾ ಹರಡಿತು ಅಂತ ತಿಳಕೊಂಡ್ರ. ಸಮಾ ಹರಡಂಗಿಲ್ಲ. ಮೋಲ್ಡ್ ಮ್ಯಾಲ ಬಗ್ಗಿ ರೋಲರ್ ಹೊಡಿಯೂವನ ಮೂಗಿನ ಮುಂದ ಸರಾಸರಿಗಿಂತ ಎಷ್ಟೋ ಪಟ್ಟು ಹೆಚ್ಚಿರ್ತದ.

50 ಅನ್ನೂದ ಸುರಕ್ಷಿತ ಗೆರಿ ಅಂತಾನೂ ತಿಳ್ಕೊಬ್ಯಾಡ್ರಿ. ಅದಕ್ಕಿಂತ ಕಡಿಮಿ ಇದ್ದಲ್ಲೂ ಬಣ್ಣದೃಷ್ಟಿ ಕೊರತಿ ಕಂಡೈತಿ. ಅಮೆರಿಕದ ಕೈಗಾರಿಕಾ ಆರೋಗ್ಯ ತಜ್ಞರ ಸಂಸ್ಥೆ ಎಸಿಜಿಐಎಚ್ ತನ್ನ ಮಿತಿನ ಭಾಳ ವರ್ಷ 20ರಾಗ ಇಟ್ಟು ಆಮ್ಯಾಲ 10ಕ್ಕ ಇಳಿಸ್ತು. ಕಾಯ್ದೆ ಅಂಕಿ ದಾಟಿಲ್ಲ ಅಂತ ಸುಮ್ಮನ ಕುಂದ್ರೂದು ನನಗ ಸರಿ ಅನಸಂಗಿಲ್ಲ.

ಈಗ ನಿಮ್ಮ ಫ್ಯಾನುಗಳು. ಸ್ಟೈರೀನ್ ಆವಿ ಗಾಳಿಗಿಂತ ಮೂರೂವರಿ ಪಟ್ಟು ಭಾರ. ಮೋಲ್ಡ್‌ನ ಗುಂಡಿಯೊಳಗ, ಟ್ಯಾಂಕಿನ ತಳದಾಗ, ನೆಲದ ಮ್ಯಾಲ ಕುಂದ್ರತದ. ಚಾವಣಿಯ ಟರ್ಬೊ ಬಿಸಿಗಾಳಿ ತಗೀತದ, ಆವಿ ಅಲ್ಲ. ಸೀಲಿಂಗ್ ಫ್ಯಾನ್ ಅಂತೂ ಮೂಲ್ಯಾಗಿಂದೂ ಎಬ್ಬಿಸಿ ಎಲ್ಲಾರ ಮುಖಕ್ಕ ಹಂಚತದ. ಮ್ಯಾಟ್ ಹಾಸಿ ರೆಸಿನ್ ಹಚ್ಚೂ ಜಾಗಾದ ಮ್ಯಾಲಿನ ಫ್ಯಾನ್ ಬಂದ್ ಮಾಡ್ರಿ.

ಎಕ್ಸಾಸ್ಟ್ ಕೆಳಗ ಇಳಿಸ್ರಿ. ಮೋಲ್ಡ್‌ಗಳನ್ನ ಒಂದು ಗ್ವಾಡಿಗೆ ಸಾಲಾಗಿ ತರ್ರಿ, ಆ ಗ್ವಾಡಿಯೊಳಗ ಮೋಲ್ಡ್ ಎತ್ತರಕ್ಕ ಫ್ಯಾನ್ ಕೂಡಿಸ್ರಿ, ಎದುರಿನ ಬಾಗಲಿಂದ ಹೊರಗಿನ ಗಾಳಿ ಬರಲಿ. ಗಾಳಿ ಕೆಲಸಗಾರನ ಬೆನ್ನಿಂದ ಅಥವಾ ಬಗಲಿಂದ ಬಂದು, ಮೋಲ್ಡ್ ದಾಟಿ ಫ್ಯಾನಿಗೆ ಹೋಗಬೇಕು. ಮೋಲ್ಡ್ ಮತ್ತ ಫ್ಯಾನಿನ ನಡುವ ಮನಷಾ ನಿಂತ್ರ ಎಲ್ಲಾ ವ್ಯರ್ಥ. ಜೆಲ್‌ಕೋಟಿಗೆ ಮೂರು ಕಡಿ ಮುಚ್ಚಿದ ಬೂತ್ ಬೇಕ ಬೇಕು, ಯಾಕಂದ್ರ ಸ್ಪ್ರೇದಾಗ ಸ್ಟೈರೀನಿನ ಕಾಲು ಭಾಗಕ್ಕಿಂತ ಹೆಚ್ಚು ಹಾರಿಹೋಗ್ತದ. ಬೂತ್ ಬಾಯಿ 3 ಮೀಟರ್ ಅಗಲ, 2 ಎತ್ತರ ಅಂದ್ರ 6 ಚದರ ಮೀಟರ್. ಬಾಯಿಯೊಳಗ ಸೆಕೆಂಡಿಗೆ ಅರ್ಧ ಮೀಟರ್ ವೇಗ ಬೇಕು. ಅಂದ್ರ ತಾಸಿಗೆ 10,800 ಘನ ಮೀಟರ್. ಫ್ಯಾನಿನ ಕ್ಯಾಟಲಾಗಿನಾಗ ಬರದ ಅಂಕಿ ಯಾವ ಅಡ್ಡೀನೂ ಇಲ್ಲದಾಗಿಂದು, ಫಿಲ್ಟರ್, ಡಕ್ಟ್ ಹಾಕಿದ ಮ್ಯಾಲ ಇಳೀತದ. ಕೂಡಿಸಿದ ಮ್ಯಾಲ ಗಾಳಿ ವೇಗ ನೋಡೂ ಅನಿಮೋಮೀಟರಿಲೆ ಅಳೀರಿ. ಗಾಳಿ ಯಾವ ಕಡಿ ಹೊಂಟೈತಿ ಅಂತ ನೋಡಾಕ ಊದಿನಕಡ್ಡಿ ಹಚ್ಚಬ್ಯಾಡ್ರಿ! ಸ್ಟೈರೀನ್ ಫ್ಲಾಶ್ ಪಾಯಿಂಟ್ (ಕಿಡಿ ತಾಗಿದ್ರ ಆವಿ ಹೊತ್ತಿಕೊಳ್ಳೂ ಉಷ್ಣತಾ) ಸುಮಾರು 31 ಡಿಗ್ರಿ, ನಮ್ಮ ಎಪ್ರಿಲ್ ಬಿಸಿಲಾಗ ತಗಡಿನ ಶೆಡ್ ಅದನ್ನ ಮುಂಜಾನೇನ ದಾಟಿರ್ತದ. ಕೋಲಿಗೆ ತೆಳು ಪ್ಲಾಸ್ಟಿಕ್ ಪಟ್ಟಿ ಕಟ್ಟಿ ಹಿಡದ್ರ ಸಾಕು. ಮೋಟರ್ ಫ್ಲೇಮ್‌ಪ್ರೂಫ್ ಇರಲಿ.

ಖರ್ಚಿಲ್ಲದ ಕೆಲಸ ಇವತ್ತ ಶುರು ಮಾಡ್ರಿ. ರೆಸಿನ್ ಬಕೆಟ್ಟಿಗೆ ಮುಚ್ಚಳ. ಮಧ್ಯಾಹ್ನದ ಬಿಸಿಲಾಗ ದೊಡ್ಡ ಮೋಲ್ಡ್ ಹಾಕೂದು ಬಿಟ್ಟು ಮುಂಜಾನೆ ಹಾಕೂದು. ರೆಸಿನ್ ಒರೆಸಿದ ಅರಬಿ ಮುಚ್ಚಳದ ತಗಡಿನ ಡಬ್ಬಿಗೆ. ಸಪ್ಲೈಯರ್‌ಗೆ ಕಡಿಮಿ ಸ್ಟೈರೀನ್ ಬಿಡೂ ರೆಸಿನ್ ಕೇಳ್ರಿ. ಅದರಾಗ ಮೇಣ ಇರ್ತದ, ಮ್ಯಾಲ ಪೊರೆ ಕಟ್ಟಿ ಆವಿ ತಡೀತದ. ಒಂದು ತೊಡಕು ಐತಿ: ಆ ಪೊರೆ ಮ್ಯಾಲ ಮರುದಿನ ಇನ್ನೊಂದು ಪದರ ಹಚ್ಚಿದ್ರ ಹಿಡಿಯಂಗಿಲ್ಲ, ಉಜ್ಜಿ ಹಚ್ಚಬೇಕು. ರೋಲರ್ ಹೊಡಿಯೂ ತನಕ ಪೊರೆ ಕೂಡಂಗೂ ಇಲ್ಲ, ಅದಕ್ಕ ಅದೊಂದರ ಮ್ಯಾಲ ಭರೋಸಾ ಇಡಬ್ಯಾಡ್ರಿ.

ಪ್ರಶ್ನೆ ಕೇಳಿದವರು | ತಾರಿಹಾಳ_ಶೆಡ್

ಭಾಳ ಉಪಕಾರ ಆತ್ರೀ ಸರ. ಎನ್95 ಮಾಸ್ಕ್ ಎಲ್ಲಾರಿಗೂ ಕೊಟ್ಟೇವಿ. ಕೈ ತೊಳ್ಯಾಕ ಅಸಿಟೋನ್ ಬಳಸ್ತಾರ, ಅದು ನಡೀತದೇನು? ಬಗಲಿನ ಪೇಂಟ್ ಶೆಡ್ಡಿನವರು ಅಗ್ಗದ ಥಿನ್ನರ್ ಬಳಸ್ತಾರ, ಅವರದೂ ಹೇಳ್ರಿ.

ಉತ್ತರ | ಗಾಳಿ_ಲೆಕ್ಕ

ಎನ್95 ಧೂಳಿಗೆ, ಆವಿಗೆ ಅಲ್ಲ. ಅದರ ತೂತಿನ ಮುಂದ ಸ್ಟೈರೀನ್ ಅಣು ಆನಿ ಮುಂದಿನ ಇರುವಿ ಹಂಗ. ಗ್ಲಾಸ್ ಮ್ಯಾಟ್ ಕತ್ತರಿಸೂವಾಗ, ಗ್ರೈಂಡಿಂಗ್ ಮಾಡೂವಾಗ ಹಾಕ್ಕೊಳ್ಳಲಿ. ರೆಸಿನ್ ಕೆಲಸಕ್ಕ ರಬ್ಬರಿನ ಅರ್ಧಮುಖದ ಮಾಸ್ಕ್, ಆರ್ಗ್ಯಾನಿಕ್ ವೇಪರ್ ಕಾರ್ಟ್ರಿಜ್, ಮುಂದ ಧೂಳಿನ ಪ್ರಿ-ಫಿಲ್ಟರ್. ಜೆಲ್‌ಕೋಟ್ ಹೊಡಿಯೂವನಿಗೆ ಪೂರ್ಣಮುಖದ್ದು. ಕಾರ್ಟ್ರಿಜ್ ಒಳಗಿನ ಇದ್ದಿಲು ಕೆಲಸ ಇಲ್ಲದಾಗೂ ಆವಿ ಹೀರ್ತಿರ್ತದ, ಅದಕ್ಕ ಸಂಜಿಗೆ ಗಟ್ಟಿ ಮುಚ್ಚೂ ಪ್ಲಾಸ್ಟಿಕ್ ಚೀಲದಾಗ ಇಡಬೇಕು. ಶೆಡ್ಡಿನ ಮೊಳಿಗೆ ನೇತು ಹಾಕಿದ್ರ ಮುಂಜಾನೆಗೆ ಅದು ಅರ್ಧ ಸತ್ತಿರ್ತದ. ತಗದ ತಾರೀಖು ಮ್ಯಾಲ ಬರೀರಿ, ಕಂಪನಿ ಕೊಟ್ಟ ಲೆಕ್ಕದ ಪ್ರಕಾರ ಬದಲಿಸ್ರಿ. ವಾಸನಿ ಬಂದಾಗ ಬದಲಿಸ್ತೀನಿ ಅನ್ನಬ್ಯಾಡ್ರಿ, ಸ್ಟೈರೀನ್ ವಾಸನಿಗೆ ಮೂಗು ಬೇಗ ಸೋಲ್ತದ. ಗಡ್ಡ ಇದ್ರ ಬದಿಯಿಂದ ಸೋರ್ತದ.

ಅಸಿಟೋನ್ ಕಣ್ಣಿನ ನರಕ್ಕ ಸ್ಟೈರೀನಿನಷ್ಟು ಕೆಟ್ಟದ್ದಲ್ಲ, ಆದ್ರ ಚರ್ಮದ ಎಣ್ಣಿ ತಗೀತದ, ಬಿರುಕು ಬಿದ್ದ ಕೈಯಿಂದ ಉಳದದ್ದು ಒಳಗ ಹೋಗ್ತದ. ಅದೇ ಕೈಯಿಂದ ಕಣ್ಣು ಉಜ್ಜಿದ್ರ ಮ್ಯಾಲಿನ ಪದರ ಕೆತ್ತತದ. ರೆಸಿನ್ ಹ್ಯಾಂಡ್ ಕ್ಲೀನರ್ ಪೇಸ್ಟ್ ಸಿಗ್ತದ, ಅದನ್ನ ತರಸ್ರಿ, ಆಮ್ಯಾಲ ಸಾಬೂನು ನೀರು. ತೆಳು ಲೇಟೆಕ್ಸ್ ಕೈಗವಸು ಸ್ಟೈರೀನ್ ತಡಿಯಂಗಿಲ್ಲ.

ಬಗಲಿನವರ ಥಿನ್ನರ್ ಬ್ಯಾರೆ ಕಥಿ. ಅಗ್ಗದ ಎನ್‌ಸಿ (ನೈಟ್ರೊಸೆಲ್ಯುಲೋಸ್ ಪೇಂಟಿನ) ಥಿನ್ನರ್‌ದಾಗ ಟಾಲ್ವಿನ್, ಅಸಿಟೋನ್ ಜೋಡಿ ಮಿಥನಾಲ್ ಇರಬಹುದು. ಮಿಥನಾಲ್ ದೇಹದಾಗ ಫಾರ್ಮಿಕ್ ಆಸಿಡ್ ಆಗಿ ದೃಷ್ಟಿನರದ ಜೀವಕೋಶದ ಉಸಿರ ಕಟ್ಟತದ. ಚರ್ಮದಿಂದಾನೂ ಒಳಗ ಹೋಗ್ತದ. ಇದ್ದಿಲಿನ ಕಾರ್ಟ್ರಿಜ್ ಇದಕ್ಕ ನಂಬಿಕಿ ಇಲ್ಲ, ಕುದಿಬಿಂದು 65 ಡಿಗ್ರಿ ಆಸುಪಾಸು ಇರೂದರಿಂದ ಬೇಗ ದಾಟಿಬಿಡ್ತದ. ಹೊರಗಿನ ಗಾಳಿ ಪೈಪಿಲೆ ಕೊಡೂ ಮಾಸ್ಕ್ ಬೇಕು. ಅದಕ್ಕಿಂತ ಸರಳ ದಾರಿ ಸುರಕ್ಷತಾ ಮಾಹಿತಿ ಹಾಳಿ ಕೇಳಿ, ಮಿಥನಾಲ್ ಇಲ್ಲದ ಥಿನ್ನರ್ ತಗೊಳ್ಳೂದು. ಹಾಳಿ ಕೊಡದ ಅಂಗಡ್ಯಾಗ ಕೊಳ್ಳಬ್ಯಾಡ್ರಿ. ಮುಚ್ಚಿದ ಟ್ಯಾಂಕಿನೊಳಗ ಥಿನ್ನರಿಲೆ ಒರೆಸಿದವರಿಗೆ ತಾಸುಗಟ್ಟಲೆ ಆದ ಮ್ಯಾಲ, ಮರುದಿನಾನೂ ಇರಬಹುದು, ಹೊಟ್ಟಿನೋವು, ಏದುಸಿರು, ಕಣ್ಣಿಗೆ ಬೆಳ್ಳಗ ಮಂಜು ಕವದಂಗ ಆದ್ರ ಕಣ್ಣಿನ ಆಸ್ಪತ್ರಿಗೆ ಅಲ್ಲ, ಡಯಾಲಿಸಿಸ್ ಇರೂ ದೊಡ್ಡ ಆಸ್ಪತ್ರಿಯ ತುರ್ತು ವಿಭಾಗಕ್ಕ ನೇರ ಒಯ್ಯಬೇಕು. ತಾಸಿನ ಮ್ಯಾಲ ತಾಸು ಹೋದ್ರ ನರ ಮರಳಿ ಬರಂಗಿಲ್ಲ.

ಉತ್ತರ | ಬೆಟಗೇರಿ_ಆಫ್‌ಸೆಟ್

ಗದಗ ಕಡೆ ಪ್ರೆಸ್ಸಿನವರು ಓದಾಕತ್ತಿದ್ರ ಒಂದು ಮಾತು. ಬ್ಲಾಂಕೆಟ್, ರೋಲರ್ ತೊಳಿಯೂ ದ್ರಾವಕದಾಗ ಎನ್-ಹೆಕ್ಸೇನ್ ಇದ್ರ ಮೊದಲು ಕಾಲಬೆರಳು ಜೋಮು ಹಿಡೀತಾವ, ದೀರ್ಘಕಾಲದಾಗ ಬಣ್ಣದೃಷ್ಟಿಗೂ ಪೆಟ್ಟು. ಅದರ ಜೋಡಿ ಎಂಇಕೆ (ಮಿಥೈಲ್ ಇಥೈಲ್ ಕೀಟೋನ್ ಅನ್ನೂ ದ್ರಾವಕ) ಕೂಡಿಸಿದ್ರ ನರದ ಹಾನಿ ಇನ್ನೂ ಹೆಚ್ಚು. ನಿಧಾನ ಆರೂ, ಹೆಚ್ಚು ಫ್ಲಾಶ್ ಪಾಯಿಂಟಿನ ವಾಶ್ ಬಳಸ್ರಿ. ಒಣಗಾಕ ಹೊತ್ತು ತಗೋತದ ಅಂತ ಆಪರೇಟರ್ ಬೈತಾರ, ಅರಬಿ ಬದಲಿಸಿ ಇನ್ನೊಮ್ಮೆ ಒರೆಸಿದ್ರ ಆತು. ಮತ್ತ ಬಣ್ಣ ಹೊಂದವಲ್ದು ಅಂದ ಕೂಡ್ಲೆ ಕಣ್ಣಿಗೆ ದೋಷ ಹಾಕಬ್ಯಾಡ್ರಿ. ಎರಡು ಪಿಗ್ಮೆಂಟ್ ಟ್ಯೂಬ್‌ಲೈಟ್ ಕೆಳಗ ಒಂದ ಕಂಡು ಬಿಸಿಲಿಗೆ ಒಯ್ದ್ರ ಬ್ಯಾರೆ ಕಾಣಸ್ತಾವ. ತಾರಿಹಾಳದವರು ಮೊದಲು ಅದೇ ಮಾದರಿನ ಹಗಲ ಬೆಳಕಿನಾಗ, ಹೊಸ ಹುಡುಗರಿಗೂ ತೋರಿಸಿ ನೋಡ್ರಿ.

ಉತ್ತರ | ಕೋರ್‌ಶಾಪ್

ಫೌಂಡ್ರಿಯವರಿಗೂ ಸೇರಿಸಿ ಹೇಳ್ತೀನಿ. ಕೋಲ್ಡ್‌ಬಾಕ್ಸ್ ಕೋರ್ (ಅಚ್ಚಿನೊಳಗ ಇಡೂ ಉಸುಕಿನ ಗಟ್ಟಿ) ಮಾಡೂ ಕಡಿ ಅದನ್ನ ಗಟ್ಟಿ ಮಾಡೂ ಟ್ರೈಇಥೈಲ್ ಅಮೀನ್ ಆವಿ ಸೋರಿದ್ರ ಶಿಫ್ಟ್ ಕಡೀಕ ಎಲ್ಲಾ ನೀಲಿ ಹೊಗಿಯೊಳಗ ಇದ್ದಂಗ, ದೀಪದ ಸುತ್ತ ಬಳಿ ಕಟ್ಟಿದಂಗ ಕಾಣಸ್ತದ. ಇದು ಕಣ್ಣಿನ ಮುಂದಿನ ಕಾರ್ನಿಯಾ ಊದಿಕೊಂಡದ್ದು, ಕೆಲವು ತಾಸಿನಾಗ ಇಳೀತದ. ಆದ್ರ ಆ ಹೊತ್ತಿನಾಗ ಬೈಕ್ ಹೊಡಿಯಬಾರದು. ಪದೇ ಪದೇ ಆಗಾಕತ್ತಿದ್ರ ಕೋರ್‌ಬಾಕ್ಸಿನ ಸೀಲು, ಅಮೀನ್ ಹೀರೂ ಆಸಿಡ್ ಸ್ಕ್ರಬ್ಬರ್ ನೋಡ್ರಿ. ಅಲ್ಲಿ ಆಸಿಡ್ ಖಾಲಿ ಆಗಿರ್ತದ.

ಉತ್ತರ | ಕಾಗದಪತ್ರ_ನವಲಗುಂದ

ತಾರಿಹಾಳದ ಸರ, 14 ಮಂದಿ ಅಂದ್ರ ಇಎಸ್‌ಐ ಅನ್ವಯ ಆಗ್ತದ, ತಿಂಗಳಿಗೆ 21,000 ರೂಪಾಯಿ ತನಕ ಪಗಾರ ಇದ್ದವರಿಗೆ. ಪರೀಕ್ಷೆ ಅಲ್ಲಿಂದ ರೆಫರ್ ಮಾಡಸ್ರಿ. ಡಿಸ್ಪೆನ್ಸರಿ ಚೀಟಿ ಮ್ಯಾಲ "ಕಣ್ಣು ಮಂಜು" ಅಂತಷ್ಟ ಬರಸಬ್ಯಾಡ್ರಿ. ಸ್ಟೈರೀನ್ ಜೋಡಿ ಎಷ್ಟು ವರ್ಷ, ದಿನಕ್ಕ ಎಷ್ಟು ತಾಸು ಅಂತ ಬರಸ್ರಿ. 2025ರ ನವೆಂಬರ್ ತನಕ ಇದ್ದ 1923ರ ಪರಿಹಾರ ಕಾಯ್ದೆಯ ಔದ್ಯೋಗಿಕ ರೋಗಗಳ ಪಟ್ಟಿಯೊಳಗ ಬೆಂಜೀನ್ ಮತ್ತ ಅದರ ವಿಷಕಾರಿ ಸಜಾತಿಗಳು, ಕಾರ್ಬನ್ ಬೈಸಲ್ಫೈಡ್, ಕುಲುಮಿ ಶಾಖದಿಂದ ಬರೂ ಪೊರೆ ಇದ್ವು. ಸ್ಟೈರೀನ್ ಹೆಸರ ಹಿಡದು ಇರಲಿಲ್ಲ. ಹಂಗಾಗಿ ನಂಟು ತೋರಸೂ ಭಾರ ಕೆಲಸಗಾರನ ಮ್ಯಾಲ ಬೀಳ್ತದ. ಹಳೇ ರೆಸಿನ್ ಬಿಲ್, ಹಾಜರಿ ಪುಸ್ತಕ, ಸೋಮವಾರದ ಡಿ-15 ಹಾಳಿ ಕೆಲಸಕ್ಕ ಬರ್ತಾವ. ಗಾಳಿ ಅಳತಿ ಮಾಡಿಸಿದ್ರ ಅದನ್ನೂ ಇಡ್ರಿ. ಆವಿ ಅಳಿಯೂ ಇದ್ದಿಲಿನ ಬ್ಯಾಡ್ಜ್ ಕೆಲಸಗಾರನ ಕಾಲರಿಗೆ ಇಡೀ ಶಿಫ್ಟ್ ಇರಬೇಕು, ಗ್ವಾಡಿಗೆ ಅಲ್ಲ.

ಉತ್ತರ | ದೃಷ್ಟಿ_ಧಾರವಾಡ

ಮೂತ್ರ ಪರೀಕ್ಷೆಯನ್ನೂ ಸೇರಿಸಬಹುದು: ದೇಹದಲ್ಲಿ ಸ್ಟೈರೀನ್ ಒಡೆದಾಗ ಉಳಿಯುವ ಮ್ಯಾಂಡೆಲಿಕ್ ಮತ್ತು ಫಿನೈಲ್‌ಗ್ಲಯಾಕ್ಸಿಲಿಕ್ ಆಮ್ಲ. ಇದರ ಹೊತ್ತು ಬಣ್ಣದ ಪರೀಕ್ಷೆಗೆ ತದ್ವಿರುದ್ಧ, ಶಿಫ್ಟ್ ಮುಗಿದ ಕೂಡಲೇ ಕೊಡಬೇಕು, ಮಾದರಿಯನ್ನು ತಣ್ಣಗಿಡಬೇಕು. ಹಿಂದಿನ ರಾತ್ರಿ ಕುಡಿದಿದ್ದರೆ ಅಂಕಿ ನಂಬಲು ಬರುವುದಿಲ್ಲ, ಸಾರಾಯಿ ದೇಹದಲ್ಲಿ ಸ್ಟೈರೀನ್ ಒಡೆಯುವುದನ್ನು ತಡೆಹಿಡಿಯುತ್ತದೆ. ನಮ್ಮೂರ ಲ್ಯಾಬಿನಲ್ಲಿ ಆಗದಿದ್ದರೆ ಬೆಂಗಳೂರಿನ ಪ್ರಾದೇಶಿಕ ಔದ್ಯೋಗಿಕ ಆರೋಗ್ಯ ಕೇಂದ್ರವನ್ನು ಕೇಳಿ.

ಪ್ರಶ್ನೆ ಕೇಳಿದವರು | ತಾರಿಹಾಳ_ಶೆಡ್

ಎಲ್ಲಾ ಬರಕೊಂಡೇನ್ರಿ. ಕಡೀದೊಂದು: ಹಾರ್ಡ್ನರ್ ಕಣ್ಣಿಗೆ ಸಿಡದ್ರ?

ಉತ್ತರ | ಗಾಳಿ_ಲೆಕ್ಕ

ಹಾರ್ಡ್ನರ್ ಅಂದ್ರ ಎಂಇಕೆ ಪೆರಾಕ್ಸೈಡ್. ಶೆಡ್ಡಿನಾಗ ಕಣ್ಣಿನ ಮುಂದಿನ ಭಾಗಕ್ಕ ಎಲ್ಲಾದಕ್ಕಿಂತ ಕೆಟ್ಟದ್ದು ಇದ. ಇಲ್ಲಿ ಗಾಗಲ್ಸ್ ಬೇಕ ಬೇಕು, ಬದಿಗೆ ನೇರ ತೂತು ಇರದ ಇನ್‌ಡೈರೆಕ್ಟ್ ವೆಂಟಿಂದು. ಬಾಟಲಿಯಿಂದ ಅಂದಾಜಿಲೆ ಸುರಿಯೂದು ಬಿಟ್ಟು, ಹಿಂಡಿದ್ರ ಅಳತಿ ಬರೂ ಪ್ಲಾಸ್ಟಿಕ್ ಬಾಟಲಿ ತರಸ್ರಿ. ಕಿಲೋ ರೆಸಿನಿಗೆ 10ರಿಂದ 20 ಮಿಲಿ. ಕೋಬಾಲ್ಟ್ (ರೆಸಿನ್ ಬೇಗ ಗಟ್ಟಿ ಆಗಾಕ ಹಾಕೂ ಆಕ್ಸಲರೇಟರ್) ಮತ್ತ ಹಾರ್ಡ್ನರ್ ನೇರ ಕೂಡಿಸಿದ್ರ ಬೆಂಕಿ, ಸ್ಫೋಟ. ಕೋಬಾಲ್ಟ್ ಮೊದಲು ರೆಸಿನ್ನಾಗ ಪೂರ್ತಿ ಕಲಸಿ ಆಮ್ಯಾಲ ಹಾರ್ಡ್ನರ್.

ಸಿಡದ್ರ ಸೆಕೆಂಡಿನ ಲೆಕ್ಕ. ಯಾರನ್ನೂ ಕೇಳೂ ಹೊತ್ತಲ್ಲ, ನೀರಿಗೆ ಓಡಬೇಕು. ಕಣ್ಣು ತೊಳಿಯೂ ಜಾಗಾ ಕೆಲಸದ ಮೇಜಿಂದ 10 ಸೆಕೆಂಡಿನ ನಡಿಗಿಯೊಳಗ ಇರಬೇಕು, 15 ನಿಮಿಷ ನಿಲ್ಲದ ನೀರು ಬರಬೇಕು. ನಿಮಿಷಕ್ಕ ಒಂದೂವರಿ ಲೀಟರ್ ಹಿಡದ್ರೂ 22 ಲೀಟರಿಗಿಂತ ಹೆಚ್ಚು. ನಮ್ಮಲ್ಲಿ ನಳ ಬರೂದು ಯಾವಾಗೋ, ಅದಕ್ಕ 50 ಲೀಟರಿನ ಬ್ಯಾರೆ ಟ್ಯಾಂಕ್ ನೆರಳಿನಾಗ ಇಟ್ಟು, ವಾರಕ್ಕೊಮ್ಮೆ ನೀರು ಬದಲಿಸ್ರಿ. ಚಾವಣಿ ಮ್ಯಾಲಿನ ಕರಿ ಟ್ಯಾಂಕಿನ ನೀರು ಬ್ಯಾಸಗ್ಯಾಗ ಕಣ್ಣು ಸುಡ್ತದ, 38 ಡಿಗ್ರಿ ದಾಟಬಾರದು. ರೆಪ್ಪಿ ಎರಡು ಬಟ್ಟಿಲೆ ಅಗಲಿಸಿ ಹಿಡದು, ಕಣ್ಣು ಎಲ್ಲಾ ಕಡಿ ಹೊರಳಿಸ್ತಾ ತೊಳೀಬೇಕು. ಹಾಲು, ಗುಲಾಬಿ ನೀರು, ಮನಿಯಾಗಿನ ಹಳೇ ಹನಿ ಏನೂ ಹಾಕಬ್ಯಾಡ್ರಿ. ಉರಿ ಕಡಿಮಿ ಆತು ಅಂದ್ರೂ ಆಸ್ಪತ್ರಿಗೆ ಹೋಗಲಿ, ಬಾಟಲಿ ಲೇಬಲ್‌ದ ಫೋಟೊ ಮೊಬೈಲಿನಾಗ ಇರಲಿ.